ರೋಮ್‌ನಲ್ಲಿ ಚರ್ಚ್ ನೋಡುವಾಗ ಕಾಲ ಕೆಳಗೂ ನೋಡಿ

ರೋಮ್‌ಗೆ ಹೊರಟವರು ಸಾಮಾನ್ಯವಾಗಿ ಒಂದು ದಿನ ಹಳೇ ಅವಶೇಷಗಳಿಗೆ, ಒಂದು ದಿನ ಚರ್ಚುಗಳಿಗೆ, ಒಂದು ದಿನ ವ್ಯಾಟಿಕನ್‌ಗೆ ಅಂತ ಹಂಚಿಕೊಂಡು ಬಿಡುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಎರಡನೇ ಸಲ ಅಮ್ಮನನ್ನು ಕರೆದುಕೊಂಡು ಹೋದಾಗ ಈ ಹಂಚಿಕೆಯನ್ನೇ ಬಿಟ್ಟೆ, ಆಮೇಲೆ ಊರು ಬೇರೆಯೇ ಆಗಿ ಕಂಡಿತು. ಅಲ್ಲಿ ಚರ್ಚ್ ಒಂದು ಕಡೆ, ಪಾಳುಬಿದ್ದ ಕಟ್ಟಡ ಇನ್ನೊಂದು ಕಡೆ ಅಂತ ಇಲ್ಲ. ಚರ್ಚಿನ ಗೋಡೆಯೊಳಗೆ ದೇವಸ್ಥಾನದ ಕಂಬ ಇರುತ್ತದೆ, ಚರ್ಚಿನ ನೆಲದ ಕೆಳಗೆ ಇನ್ನೊಂದು ಚರ್ಚ್ ಇರುತ್ತದೆ, ಅದರ ಕೆಳಗೆ ಯಾರದೋ ಮನೆ. ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಒಂದಕ್ಕೊಂದು ಅರ್ಥ ಹುಟ್ಟುತ್ತದೆ. ಹಾಗೆ ನೋಡಲು ಏನೇನು ಮಾಡಬೇಕು ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಟಿಕೆಟ್ ವಿಷಯ ಮುಗಿಸೋಣ. ಮುಂಚೆಯೇ ಬುಕ್ ಮಾಡಲೇಬೇಕಾದದ್ದು ಕೊಲೋಸಿಯಂ. ಅದರ ಟಿಕೆಟ್‌ನಲ್ಲೇ ಪಕ್ಕದ ರೋಮನ್ ಫೋರಂ (ಹಳೇ ರೋಮ್‌ನ ಮುಖ್ಯ ಚೌಕದ ಅವಶೇಷ) ಮತ್ತು ಪ್ಯಾಲಟೈನ್ ಗುಡ್ಡ ಕೂಡ ಸೇರಿರುತ್ತದೆ. ಟಿಕೆಟ್ ಮೇಲೆ ಹೆಸರು ಇರುತ್ತದೆ, ಆದ್ದರಿಂದ ಪಾಸ್‌ಪೋರ್ಟ್ ಜೊತೆಯಲ್ಲೇ ಇರಲಿ. ಸುಮಾರು ಒಂದು ತಿಂಗಳು ಮುಂಚೆ ಅಧಿಕೃತ ವೆಬ್‌ಸೈಟ್‌ನಲ್ಲಿ ಬಿಡುತ್ತಾರೆ, ಬೇಗ ಖಾಲಿಯಾಗುತ್ತದೆ. ಹೊರಗೆ ನಿಂತು ಕರೆಯುವ ಏಜೆಂಟರ ಹತ್ತಿರ ಹೋಗಬೇಡಿ, ಎರಡು ಪಟ್ಟು ದುಡ್ಡು ಕೊಟ್ಟು ಒಂದು ಗಂಟೆ ಬಿಸಿಲಲ್ಲಿ ಕಾದವಳು ನಾನು. ಈಗ ಚರ್ಚ್ ಆಗಿರುವ ರೋಮನ್ ಕಾಲದ ಕಟ್ಟಡ ಪ್ಯಾಂಥಿಯನ್‌ಗೆ 2023ರಿಂದ ಟಿಕೆಟ್ ಇಟ್ಟಿದ್ದಾರೆ. ಉಳಿದ ಚರ್ಚುಗಳಲ್ಲಿ ಹೆಚ್ಚಿನವು ಉಚಿತ, ನೆಲಮಾಳಿಗೆಗೆ ಇಳಿಯುವುದಕ್ಕೆ ಮಾತ್ರ ಕೆಲವು ಕಡೆ ದುಡ್ಡು ಕೊಡಬೇಕು. ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚರ್ಚ್ ಕೂಡ ಉಚಿತವೇ, ಆದರೆ ಸೆಕ್ಯುರಿಟಿ ಸಾಲು ದೊಡ್ಡದು, ಬೆಳಗ್ಗೆ ಏಳಕ್ಕೇ ಹೋಗಿಬಿಡಿ. ಅದರ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಇಷ್ಟಕ್ಕೇ ಬಿಡುತ್ತೇನೆ.

ಟಿಕೆಟ್‌ಗಿಂತ ಮುಖ್ಯ ಮಧ್ಯಾಹ್ನದ ಬಾಗಿಲು. ರೋಮ್‌ನ ಸಣ್ಣ, ಮಧ್ಯಮ ಚರ್ಚುಗಳೆಲ್ಲ ಹನ್ನೆರಡು, ಹನ್ನೆರಡೂವರೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಮೂರು ಅಥವಾ ನಾಲ್ಕಕ್ಕೆ. ಇದು ಗೊತ್ತಿಲ್ಲದೆ ಹನ್ನೆರಡು ನಲವತ್ತಕ್ಕೆ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಂತರೆ ಆ ದಿನದ ಲೆಕ್ಕವೆಲ್ಲ ತಪ್ಪುತ್ತದೆ. ಹಾಗಾಗಿ ಸಣ್ಣ ಚರ್ಚುಗಳನ್ನು ಬೆಳಗ್ಗೆ ಇಲ್ಲವೇ ಸಂಜೆಗೆ ಇಟ್ಟುಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ಮುಚ್ಚದ ಜಾಗಗಳನ್ನು ಆರಿಸಿಕೊಳ್ಳಿ: ಪ್ಯಾಂಥಿಯನ್, ಸಾಂತಾ ಮರಿಯಾ ಮಜೋರೆ, ಲ್ಯಾಟರನ್‌ನ ಸೇಂಟ್ ಜಾನ್. ಬೇಸಿಗೆಯಾದರೆ ಫೋರಂ ಒಳಗೆ ಮಧ್ಯಾಹ್ನ ಹೋಗಲೇಬೇಡಿ. ಅಲ್ಲಿ ನೆರಳು ಕಡಿಮೆ, ಕಲ್ಲು ಕಾದು ಬೆಂಕಿ ಆಗಿರುತ್ತದೆ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಒಳಗಿರಿ.

ಬಟ್ಟೆ ವಿಷಯದಲ್ಲಿ ನಮಗೆ ಕಷ್ಟವಿಲ್ಲ. ಭುಜ, ಮಂಡಿ ಮುಚ್ಚಿರಬೇಕು ಅಷ್ಟೇ, ಸೀರೆ, ಚೂಡಿದಾರ್, ಪ್ಯಾಂಟ್ ಯಾವುದಾದರೂ ಸರಿ, ಶಾರ್ಟ್ಸ್ ಹಾಕಿದವರಿಗೆ ಮಾತ್ರ ತೊಂದರೆ. ಮೊದಲನೇ ಚರ್ಚಿನ ಬಾಗಿಲಲ್ಲಿ ಅಮ್ಮ ನಿಂತು, ಚಪ್ಪಲಿ ಎಲ್ಲಿ ಬಿಡೋದು ಅಂತ ಸುತ್ತ ನೋಡಿದರು. ಬಿಡಬೇಕಾಗಿಲ್ಲ ಅಂದೆ. ಆದರೂ ಪ್ರತಿ ಚರ್ಚಿನಲ್ಲೂ ಹೊಸ್ತಿಲು ದಾಟುವಾಗ ಅವರ ಕಾಲು ಒಂದು ಕ್ಷಣ ತಡೆಯುತ್ತಿತ್ತು. ಗಂಡಸರು ಟೋಪಿ ತೆಗೆಯಬೇಕು. ಬಲಿಪೂಜೆ ನಡೆಯುತ್ತಿದ್ದರೆ ಸುತ್ತಾಡಬೇಡಿ, ಹಿಂದಿನ ಬೆಂಚಿನಲ್ಲಿ ಕೂತು ಮುಗಿಯುವವರೆಗೆ ಕಾಯಿರಿ ಅಥವಾ ಆಮೇಲೆ ಬನ್ನಿ. ಅದು ಮ್ಯೂಸಿಯಂ ಅಲ್ಲ, ಜನ ಪ್ರಾರ್ಥನೆಗೆ ಬರುವ ಜಾಗ.

ಜೊತೆಗೆ ಇನ್ನೆರಡು ವಸ್ತು ಇಟ್ಟುಕೊಳ್ಳಿ. ಒಂದು, ಚಿಲ್ಲರೆ. ಎಷ್ಟೋ ಚರ್ಚುಗಳಲ್ಲಿ ಚಿತ್ರದ ಪಕ್ಕ ಒಂದು ಸಣ್ಣ ಡಬ್ಬ ಇರುತ್ತದೆ, ಅದಕ್ಕೆ ನಾಣ್ಯ ಹಾಕಿದರೆ ಒಂದೆರಡು ನಿಮಿಷ ದೀಪ ಹತ್ತುತ್ತದೆ, ಇಲ್ಲದಿದ್ದರೆ ಕತ್ತಲೆ. ಎರಡು, ಒಂದು ಸಣ್ಣ ಬೈನಾಕ್ಯುಲರ್. ಮೊಸಾಯಿಕ್‌ಗಳು, ಅಂದರೆ ಬಣ್ಣದ ಸಣ್ಣ ತುಣುಕು ಜೋಡಿಸಿ ಮಾಡಿದ ಚಿತ್ರಗಳು, ಬಲಿಪೀಠದ ಮೇಲೆ, ತುಂಬಾ ಎತ್ತರದಲ್ಲಿರುತ್ತವೆ. ಬರಿಗಣ್ಣಿಗೆ ಬಂಗಾರದ ಹೊಳಪು ಮಾತ್ರ ಕಾಣುತ್ತದೆ. ಬೈನಾಕ್ಯುಲರ್ ಇದ್ದರೆ ಮುಖಗಳು ಕಾಣುತ್ತವೆ.

ಈಗ ನೋಡುವುದಕ್ಕೆ ಶುರು ಮಾಡೋಣ. ಮೊದಲ ಸಂಜೆ ಫೋರಂ ಒಳಗೆ ಹೋಗಬೇಡಿ. ಕ್ಯಾಪಿಟೊಲೈನ್ ಗುಡ್ಡದ ಮೇಲಿನ ಚೌಕಕ್ಕೆ ಹತ್ತಿ, ಹಿಂಬದಿಯಲ್ಲಿರುವ ಕಟ್ಟೆಯ ಹತ್ತಿರ ನಿಂತು ಕೆಳಗೆ ನೋಡಿ. ಟಿಕೆಟ್ ಇಲ್ಲ, ಇಡೀ ಫೋರಂ ಕಾಲ ಕೆಳಗೆ ಹರಡಿಕೊಂಡಿರುತ್ತದೆ. ಅಲ್ಲಿಂದ ಒಂದು ವಿಷಯ ಗಮನಿಸಿ: ಹಳೇ ರೋಮ್ ಒಂದು ಗುಂಡಿಯಲ್ಲಿದೆ, ಇವತ್ತಿನ ರಸ್ತೆ ಮೇಲಿದೆ. ನದಿಯ ನೆರೆ ಮಣ್ಣು, ಬಿದ್ದ ಕಟ್ಟಡಗಳ ಕಲ್ಲು, ಕಸ, ಎಲ್ಲ ಸೇರಿ ಶತಮಾನಗಟ್ಟಲೆ ನೆಲ ಏರುತ್ತಾ ಹೋಯಿತು. ಒಂದು ಕಾಲಕ್ಕೆ ಈ ಫೋರಂ ಹೂತುಹೋಗಿ ದನ ಮೇಯುವ ಜಾಗವಾಗಿತ್ತು, ಜನ ಅದನ್ನು ಕಾಂಪೊ ವಾಚಿನೊ ಅಂತ ಕರೆಯುತ್ತಿದ್ದರು, ಅಂದರೆ ದನದ ಬಯಲು.

ಮಾರನೇ ದಿನ ಬೆಳಗ್ಗೆ ಒಳಗೆ ಹೋದಾಗ ನೇರವಾಗಿ ಆಂಟೋನಿನಸ್ ಮತ್ತು ಫೌಸ್ಟಿನಾ ದೇವಸ್ಥಾನದ ಮುಂದೆ ನಿಲ್ಲಿ. ಕ್ರಿ.ಶ. 141ರಲ್ಲಿ ಚಕ್ರವರ್ತಿ ಆಂಟೋನಿನಸ್ ಪಯಸ್ ತೀರಿಕೊಂಡ ಹೆಂಡತಿಯ ಹೆಸರಿನಲ್ಲಿ ಕಟ್ಟಿಸಲು ಶುರು ಮಾಡಿದ್ದು. ಮುಂದೆ ಎತ್ತರದ ಕಂಬಗಳು, ಅವುಗಳ ಹಿಂದೆ ಸಾನ್ ಲೊರೆಂಜೊ ಇನ್ ಮಿರಾಂಡ ಚರ್ಚು. ಈಗ ಚರ್ಚಿನ ಬಾಗಿಲನ್ನು ನೋಡಿ. ಅದು ಗಾಳಿಯಲ್ಲಿ ತೂಗುತ್ತಿರುವ ಹಾಗೆ, ದೇವಸ್ಥಾನದ ನೆಲದಿಂದ ಎಷ್ಟೋ ಮೇಲೆ ಇದೆ. ಹತ್ತಲು ಮೆಟ್ಟಿಲಿಲ್ಲ. ಬಾಗಿಲು ಇಟ್ಟ ಕಾಲದಲ್ಲಿ ನೆಲ ಅಲ್ಲಿಯವರೆಗೆ ಇತ್ತು, ಜನ ಸುಮ್ನೆ ನಡೆದುಕೊಂಡು ಒಳಗೆ ಹೋಗುತ್ತಿದ್ದರು. ಆಮೇಲೆ ಮಣ್ಣು ಅಗೆದು ತೆಗೆದಾಗ ಬಾಗಿಲು ಮೇಲೇ ಉಳಿಯಿತು. ಕಂಬಗಳ ಮೇಲ್ಭಾಗದಲ್ಲಿ ಓರೆಯಾಗಿ ಕೊರೆದ ಗೆರೆಗಳೂ ಕಾಣುತ್ತವೆ, ಹಗ್ಗ ಕಟ್ಟಿ ಕಂಬ ಉರುಳಿಸಲು ನೋಡಿದ ಗುರುತು ಅಂತ ಹೇಳುತ್ತಾರೆ. ನೆಲ ಎಷ್ಟು ಏರಿತ್ತು ಅಂತ ಹತ್ತು ಪುಸ್ತಕ ಓದಿದರೂ ಆ ಬಾಗಿಲು ಹೇಳಿದಷ್ಟು ತಿಳಿಯುವುದಿಲ್ಲ.

ಅಲ್ಲೇ ಪಕ್ಕದಲ್ಲಿ ರೊಮುಲಸ್ ದೇವಸ್ಥಾನ ಅನ್ನುವ ದುಂಡನೆ ಕಟ್ಟಡ ಇದೆ. ಅದರ ಕಂಚಿನ ಬಾಗಿಲು ರೋಮನ್ ಕಾಲದ್ದೇ. ಇದರ ಹಿಂದಿನ ಕಟ್ಟಡವನ್ನು ಪೋಪ್ ನಾಲ್ಕನೇ ಫೆಲಿಕ್ಸ್ 6ನೇ ಶತಮಾನದಲ್ಲಿ ಚರ್ಚ್ ಮಾಡಿದರು, ಸಾಂತಿ ಕೊಸ್ಮಾ ಎ ದಾಮಿಯಾನೊ ಅಂತ. ವೈದ್ಯರಾಗಿದ್ದ ಇಬ್ಬರು ಅಣ್ಣತಮ್ಮ ಸಂತರ ಹೆಸರು ಅದು. ಚರ್ಚಿಗೆ ಫೋರಂ ಕಡೆಯಿಂದ ದಾರಿ ಇಲ್ಲ, ಹೊರಗೆ ಬಂದು ಮೇಲಿನ ದೊಡ್ಡ ರಸ್ತೆಯಿಂದ ಹೋಗಬೇಕು. ಹೋಗಿ. ಕಡು ನೀಲಿ ಹಿನ್ನೆಲೆಯಲ್ಲಿ, ಕೆಂಪು ಮೋಡಗಳ ಮೇಲೆ ನಡೆದು ಬರುತ್ತಿರುವ ಕ್ರಿಸ್ತನ ಮೊಸಾಯಿಕ್ ಅಲ್ಲಿದೆ, 1500 ವರ್ಷ ಹಳೆಯದು. ಚರ್ಚಿನ ಒಳಗಿರುವ ಗಾಜಿನ ಹಿಂದೆ ಅದೇ ದುಂಡನೆ ದೇವಸ್ಥಾನದ ಒಳಭಾಗ ಕಾಣುತ್ತದೆ. ಬೆಳಗ್ಗೆ ಕೆಳಗಿನಿಂದ ನೋಡಿದ್ದನ್ನು ಈಗ ಮೇಲಿನಿಂದ ನೋಡುತ್ತೀರಿ.

ಫೋರಂನಲ್ಲಿ ರೊಮುಲಸ್ ದೇವಸ್ಥಾನದಿಂದ ಸ್ವಲ್ಪ ಮುಂದೆ, ಅದೇ ಬದಿಯಲ್ಲಿ, ಮೂರು ದೊಡ್ಡ ಕಮಾನುಗಳ ಮ್ಯಾಕ್ಸೆಂಟಿಯಸ್ ಬೆಸಿಲಿಕಾ ಇದೆ, ಇದು ಚರ್ಚ್ ಅಲ್ಲ, ರೋಮನ್ ಕಾಲದ ಸಭಾಭವನ. ಅದನ್ನು ಕಟ್ಟುವ ಮುಂಚೆ ಆ ಜಾಗದಲ್ಲಿ ಚಕ್ರವರ್ತಿ ಡೊಮಿಷಿಯನ್ ಕಟ್ಟಿಸಿದ ಮೆಣಸಿನ ಗೋದಾಮು ಇತ್ತು. ಕರಿಮೆಣಸು ಬರುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ಅದಕ್ಕೆ ಬದಲಾಗಿ ರೋಮ್‌ನ ಬೆಳ್ಳಿ, ಬಂಗಾರ ಇತ್ತ ಬರುತ್ತಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ನಾಣ್ಯಗಳು ಸಿಕ್ಕಿವೆ. ಆ ಕಮಾನುಗಳ ಕೆಳಗೆ ನಿಂತಾಗ ಅಮ್ಮನಿಗೆ ಈ ವಿಷಯ ಹೇಳಿದೆ. ಅವರು ಶಿರಸಿಯವರು, ಅಪ್ಪನ ಮನೆಯಲ್ಲಿ ಮೆಣಸಿನ ಬಳ್ಳಿ ಹತ್ತಿಸಿ ಬೆಳೆದವರು. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕೊಲೋಸಿಯಂ ಹೊರಗೋಡೆಯಲ್ಲಿ ನೂರಾರು ತೂತುಗಳಿವೆ, ಗುಂಡೇಟಿನ ಗುರುತು ಅಂತ ಕೆಲವರು ಅಂದುಕೊಳ್ಳುತ್ತಾರೆ. ಅಲ್ಲ. ಕಲ್ಲುಗಳನ್ನು ಹಿಡಿದಿಡಲು ಒಳಗೆ ಕಬ್ಬಿಣದ ಕೊಂಡಿಗಳಿದ್ದವು, ಮಧ್ಯಯುಗದಲ್ಲಿ ಕಬ್ಬಿಣ ದುಬಾರಿಯಾದಾಗ ಜನ ಕೊರೆದು ತೆಗೆದುಕೊಂಡರು. ಫೋರಂನ ಅಮೃತಶಿಲೆಯ ಗತಿ ಇನ್ನೂ ಕೆಟ್ಟದ್ದು, ಎಷ್ಟೋ ಕಂಬ, ಎಷ್ಟೋ ಮೂರ್ತಿ ಸುಣ್ಣದ ಗೂಡಿಗೆ ಹೋದವು. ಹಾಗಾದರೆ ಉಳಿದದ್ದು ಯಾಕೆ ಉಳಿಯಿತು? ಬಹಳಷ್ಟು ಕಡೆ ಉತ್ತರ ಒಂದೇ: ಅದು ಚರ್ಚ್ ಆಗಿತ್ತು. ದಿನಾ ದೀಪ ಹಚ್ಚುವ, ಮಳೆ ಸೋರಿದರೆ ಹೆಂಚು ಹಾಕಿಸುವ ಜನ ಇದ್ದರು. ಫೋರಂನಲ್ಲಿ ಪೂರ್ತಿ ನಿಂತಿರುವ ಇಟ್ಟಿಗೆಯ ಸೆನೆಟ್ ಕಟ್ಟಡ ಇದೆಯಲ್ಲ, ಅದೂ 7ನೇ ಶತಮಾನದಿಂದ ಚರ್ಚ್ ಆಗಿತ್ತು. ಅದರ ಕಂಚಿನ ಬಾಗಿಲು ಈಗ ಲ್ಯಾಟರನ್‌ನ ಸೇಂಟ್ ಜಾನ್ ಚರ್ಚಿನಲ್ಲಿದೆ. ಅಲ್ಲಿಗೆ ಹೋದಾಗ ತಪ್ಪದೆ ನೋಡಿ.

ಪ್ಯಾಂಥಿಯನ್ ಕೂಡ ಹೀಗೇ ಉಳಿದದ್ದು. ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ, ಸುಮಾರು 126ರ ಹೊತ್ತಿಗೆ ಮುಗಿದ ಕಟ್ಟಡ, 609ರಲ್ಲಿ ಚರ್ಚ್ ಆಯಿತು. ಮುಂದೆ ದೊಡ್ಡ ಅಕ್ಷರದಲ್ಲಿ ಅಗ್ರಿಪ್ಪ ಕಟ್ಟಿಸಿದ ಅಂತ ಇದೆ, ಅದು ಅಲ್ಲಿದ್ದ ಮೊದಲಿನ ಕಟ್ಟಡದವನ ಹೆಸರು, ಹೇಡ್ರಿಯನ್ ತನ್ನ ಹೆಸರು ಹಾಕಿಸಿಕೊಳ್ಳಲಿಲ್ಲ. ಒಳಗೆ ಹೋಗುವ ಮುಂಚೆ ಚೌಕವನ್ನು ನೋಡಿ, ಅದು ಕಟ್ಟಡದ ಕಡೆಗೆ ಇಳಿಜಾರಾಗಿದೆ. ಮೊದಲು ಇದಕ್ಕೆ ಮೆಟ್ಟಿಲು ಹತ್ತಿ ಹೋಗಬೇಕಿತ್ತು, ಈಗ ಇಳಿದು ಹೋಗುತ್ತೀರಿ. ಒಳಗೆ ಗುಮ್ಮಟದ ಅಗಲ 43 ಮೀಟರ್ ಚಿಲ್ಲರೆ, ನೆಲದಿಂದ ಎತ್ತರವೂ ಅಷ್ಟೇ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇಂದಿಗೂ ಇದೇ ದೊಡ್ಡದು. ಕೆಳಗೆ ಭಾರದ ಕಲ್ಲು, ಮೇಲೆ ಹೋದಂತೆ ಹಗುರ ಕಲ್ಲು ಬೆರೆಸಿ ಕಟ್ಟಿದ್ದಾರೆ, ನೆತ್ತಿಯಲ್ಲಿ ತೆರೆದ ಕಿಂಡಿ. ಮಳೆ ಬಂದರೆ ಓಡಿ ಒಳಗೆ ಹೋಗಿ. ನೀರು ಕಿಂಡಿಯಿಂದ ನೇರ ನೆಲಕ್ಕೆ ಬೀಳುತ್ತದೆ, ಕಲ್ಲು ಹಾಸಿನ ನಡುವಿನ ಸಣ್ಣ ತೂತುಗಳಲ್ಲಿ ಇಳಿದು ಹೋಗುತ್ತದೆ. ನಾವು ಹೋದ ದಿನ ತುಂತುರು. ಹನಿಗಳು ಬೆಳಕಿನ ಕಂಬದೊಳಗೆ ನಿಧಾನಕ್ಕೆ ಇಳಿಯುತ್ತಿದ್ದವು, ಅರ್ಧ ದಾರಿಯಲ್ಲಿ ಕೆಲವು ಗಾಳಿಗೆ ಚದುರಿ ಕಾಣದಾಗುತ್ತಿದ್ದವು.

ಒಂದೇ ಒಂದು ಚರ್ಚ್ ನೋಡಲು ಸಮಯ ಇದೆ ಅಂದರೆ ನಾನು ಹೇಳುವುದು ಸಾನ್ ಕ್ಲೆಮೆಂತೆ. ಕೊಲೋಸಿಯಂನಿಂದ ಹತ್ತು ನಿಮಿಷದೊಳಗಿನ ನಡಿಗೆ. ಹೋಗುವ ದಾರಿಯಲ್ಲೇ ಗ್ಲಾಡಿಯೇಟರ್‌ಗಳು ಅಭ್ಯಾಸ ಮಾಡುತ್ತಿದ್ದ ಶಾಲೆಯ ಅವಶೇಷ ರಸ್ತೆಯಿಂದಲೇ ಕಾಣುತ್ತದೆ. ಚರ್ಚಿನ ಹೊರನೋಟ ಸಾದಾ, ದಾಟಿ ಹೋದರೂ ಹೋಗಬಹುದು. ಒಳಗೆ ಮೊದಲು ಬಲಿಪೀಠದ ಮೇಲಿನ ಮೊಸಾಯಿಕ್ ನೋಡಿ, 12ನೇ ಶತಮಾನದ್ದು. ಶಿಲುಬೆಯ ಮೇಲೆ ಹನ್ನೆರಡು ಬಿಳಿ ಪಾರಿವಾಳ, ಅದರ ಬುಡದಿಂದ ಹೊರಟ ಬಳ್ಳಿ ಇಡೀ ಗುಮ್ಮಟ ತುಂಬಿಕೊಂಡಿದೆ. ಬಳ್ಳಿಯ ಸುರುಳಿಗಳ ನಡುವೆ ಕೋಳಿಗೆ ಕಾಳು ಹಾಕುವ ಹೆಂಗಸು, ಕುರಿ ಕಾಯುವವರು, ಹೀಗೆ ದಿನನಿತ್ಯದ ಜನ. ಇಲ್ಲೇ ಬೈನಾಕ್ಯುಲರ್ ಬೇಕಾಗುವುದು.

ಆಮೇಲೆ ಟಿಕೆಟ್ ತೆಗೆದುಕೊಂಡು ಕೆಳಗಿಳಿಯಿರಿ. ಮೆಟ್ಟಿಲಿಳಿದ ತಕ್ಷಣ ತಂಪು, ಹಸಿ ಮಣ್ಣಿನ ವಾಸನೆ. ಇದು 4ನೇ ಶತಮಾನದ ಚರ್ಚು. ಸುಮಾರು 1100ರ ಹೊತ್ತಿಗೆ ಇದಕ್ಕೆ ಮಣ್ಣು ತುಂಬಿ, ಇದರ ಮೇಲೆಯೇ ಹೊಸದು ಕಟ್ಟಿದರು. ಆಮೇಲೆ ಕೆಳಗೊಂದು ಚರ್ಚ್ ಇದೆ ಅನ್ನುವುದೇ ಮರೆತುಹೋಯಿತು. 1857ರಲ್ಲಿ ಅಲ್ಲಿದ್ದ ಐರಿಶ್ ಪಾದ್ರಿ ಜೋಸೆಫ್ ಮುಲೂಲಿ ಅಗೆಸಲು ಶುರು ಮಾಡಿದ ಮೇಲೆ ಬೆಳಕಿಗೆ ಬಂತು. ಗೋಡೆಯ ಮೇಲೆ ಒಂದು ಚಿತ್ರ ಹುಡುಕಿ: ಸಿಸಿನ್ನಿಯಸ್ ಅನ್ನುವ ಯಜಮಾನ ಸಂತ ಕ್ಲೆಮೆಂಟ್‌ನನ್ನು ಎಳೆದುಕೊಂಡು ಬನ್ನಿ ಅಂತ ಆಳುಗಳಿಗೆ ಹೇಳುತ್ತಿದ್ದಾನೆ, ಅವರು ಪವಾಡದಿಂದ ಕಣ್ಕಟ್ಟಾಗಿ ಕಲ್ಲಿನ ಕಂಬವನ್ನು ಎಳೆಯುತ್ತಿದ್ದಾರೆ. ಯಜಮಾನ ಬಾಯಿಗೆ ಬಂದಂತೆ ಬೈಯುತ್ತಿದ್ದಾನೆ, ಬೈಗುಳವನ್ನು ಚಿತ್ರದಲ್ಲೇ ಬರೆದಿದ್ದಾರೆ, ಅದೂ ಲ್ಯಾಟಿನ್‌ನಲ್ಲಿ ಅಲ್ಲ, ಜನ ಆಡುವ ಮಾತಿನಲ್ಲಿ. ಇಟಾಲಿಯನ್ ಆಡುಮಾತು ಬರವಣಿಗೆಗೆ ಬಂದ ತೀರಾ ಹಳೆಯ ಸಾಲುಗಳಲ್ಲಿ ಇದೂ ಒಂದು. ಇದೇ ಹಂತದಲ್ಲಿ ಸಂತ ಸಿರಿಲ್‌ನ ಸಮಾಧಿ ಕೂಡ ಇದೆ, ಸ್ಲಾವ್ ಜನರಿಗೆ ಅಕ್ಷರ ಕೊಟ್ಟವನು, 869ರಲ್ಲಿ ತೀರಿಕೊಂಡ. ಅವನಿಗೆ ಕೃತಜ್ಞತೆ ಹೇಳುವ ಫಲಕಗಳು ಆ ದೇಶಗಳಿಂದ ಬಂದು ಗೋಡೆ ತುಂಬಿವೆ.

ಇನ್ನೂ ಕೆಳಗೆ ಇಳಿಯಿರಿ. ಇದು ರೋಮನ್ ಕಾಲದ ನೆಲ. ಇಕ್ಕಟ್ಟಿನ ಓಣಿ, ಇಟ್ಟಿಗೆ ಗೋಡೆ, ಒಂದು ಕೋಣೆಯಲ್ಲಿ ರೋಮನ್ನರು ಪೂಜಿಸುತ್ತಿದ್ದ ಮಿತ್ರ (ಮಿಥ್ರಾಸ್) ದೇವರ ಪೂಜೆಯ ಜಾಗ: ಎರಡೂ ಕಡೆ ಕಲ್ಲಿನ ಜಗುಲಿ, ನಡುವೆ ಗೂಳಿಯನ್ನು ಕೊಲ್ಲುತ್ತಿರುವ ದೇವರನ್ನು ಕೆತ್ತಿದ ಪೀಠ. ನಿಂತು ಕಿವಿಗೊಡಿ. ನೀರು ಹರಿಯುವ ಸದ್ದು ಕೇಳುತ್ತದೆ. ಒಂದು ಕಡೆ ಬಗ್ಗಿ ನೋಡಿದರೆ ನೀರು ಕಾಣಿಸುತ್ತದೆ ಕೂಡ, ತಿಳಿಯಾಗಿ, ಜೋರಾಗಿ ಹರಿಯುತ್ತಿರುತ್ತದೆ. ಮೇಲಿನ ರಸ್ತೆಯಲ್ಲಿ ಬಸ್ಸು ಓಡಾಡುತ್ತಿದೆ ಅನ್ನುವುದು ಆ ಹೊತ್ತಿಗೆ ನೆನಪೇ ಇರುವುದಿಲ್ಲ. ಕೆಳಗೆ ಫೋಟೋ ತೆಗೆಯಲು ಬಿಡುವುದಿಲ್ಲ, ಅದು ಒಳ್ಳೆಯದೇ ಅನ್ನಿಸಿತು. ಮೆಟ್ಟಿಲು ಸ್ವಲ್ಪ ಒದ್ದೆ ಇರುತ್ತದೆ, ಮಂಡಿ ನೋವಿರುವವರ ಕೈ ಹಿಡಿದುಕೊಳ್ಳಿ. ಒಂದು ಗಂಟೆಯಾದರೂ ಇಟ್ಟುಕೊಳ್ಳಿ, ಮುಚ್ಚುವ ಹೊತ್ತಿಗೆ ಹೋದರೆ ಓಡಿಸಿಕೊಂಡು ನೋಡಬೇಕಾಗುತ್ತದೆ.

ಅಲ್ಲಿಂದ ಅದೇ ದಾರಿಯಲ್ಲಿ ಮುಂದೆ ನಡೆದರೆ ಲ್ಯಾಟರನ್. ಸೇಂಟ್ ಪೀಟರ್ಸ್ ಅಲ್ಲ, ಇದೇ ರೋಮ್‌ನ ಮುಖ್ಯ ಚರ್ಚು, ಪೋಪ್ ಅವರ ಸ್ವಂತ ಚರ್ಚು ಅಂದರೂ ಸರಿ. ನೋಡಿ ಸುಸ್ತಾಗಿದ್ದರೆ ಹತ್ತಿರದ ಸಾನ್ ಜೊವಾನಿ ಮೆಟ್ರೋ ನಿಲ್ದಾಣಕ್ಕೆ ಹೋಗಿ, ಸಿ ಮಾರ್ಗದ ಕಡೆ ಇಳಿಯಿರಿ. ನಿಲ್ದಾಣ ಅಗೆಯುವಾಗ ಸಿಕ್ಕ ವಸ್ತುಗಳನ್ನು ಅಲ್ಲೇ ಗಾಜಿನೊಳಗೆ ಇಟ್ಟಿದ್ದಾರೆ. ಇಳಿಯುತ್ತಾ ಹೋದಂತೆ ಗೋಡೆಯ ಮೇಲೆ ಆಳ ಎಷ್ಟು, ಅದು ಯಾವ ಕಾಲ ಅನ್ನುವುದನ್ನು ಬರೆದಿದ್ದಾರೆ. ಮೆಟ್ರೋ ಟಿಕೆಟ್ ದುಡ್ಡಿಗೆ ಇಡೀ ಊರಿನ ಪದರಗಳನ್ನು ಇಳಿದು ಬಂದಂತಾಗುತ್ತದೆ. ಗೈಡ್‌ಗಳು ಇದನ್ನು ತೋರಿಸುವುದು ಕಡಿಮೆ.

ಇನ್ನೂ ಒಂದು ಸಂಜೆ ಇದ್ದರೆ ಸಾಂತಾ ಮರಿಯಾ ಮಜೋರೆ ಹತ್ತಿರದ ಸಣ್ಣ ಬೀದಿಯಲ್ಲಿ ಸಾಂತಾ ಪ್ರಾಸ್ಸೆದೆ ಇದೆ. ಪಕ್ಕದ ಒಂದು ಪುಟ್ಟ ಕೋಣೆಯ ಗೋಡೆ, ಚಾವಣಿ ಎಲ್ಲ ಬಂಗಾರದ ಮೊಸಾಯಿಕ್. 9ನೇ ಶತಮಾನದಲ್ಲಿ ಪೋಪ್ ಪಾಸ್ಕಲ್ ತನ್ನ ತಾಯಿ ಥಿಯೋಡೋರಾಗಾಗಿ ಮಾಡಿಸಿದ್ದು. ತಾಯಿಯ ತಲೆಯ ಹಿಂದಿನ ಪ್ರಭೆ ಮಾತ್ರ ದುಂಡಗಿಲ್ಲ, ಚೌಕವಾಗಿದೆ, ಯಾಕೆಂದರೆ ಚಿತ್ರ ಮಾಡುವಾಗ ಆಕೆ ಬದುಕಿದ್ದರು. ಇಲ್ಲಿ ಚಿಲ್ಲರೆ ಬೇಕು. ಪ್ಯಾಂಥಿಯನ್ ಹತ್ತಿರದ ಸಾನ್ ಲುಯಿಜಿ ದೇಯಿ ಫ್ರಾಂಚೇಸಿಯಲ್ಲೂ ಬೇಕು, ಅಲ್ಲಿ ಕಾರವಾಜ್ಜೋ ಬರೆದ ಸಂತ ಮ್ಯಾಥ್ಯೂನ ಮೂರು ಚಿತ್ರಗಳಿವೆ.

ಊಟ, ನೀರಿನ ಬಗ್ಗೆ ಎರಡು ಮಾತು. ಬೀದಿಯಲ್ಲಿ ಎಲ್ಲೆಂದರಲ್ಲಿ ಕಬ್ಬಿಣದ ನಲ್ಲಿ ಕಂಬಗಳಿವೆ, ನಾಸೋನೆ ಅನ್ನುತ್ತಾರೆ, ದೊಡ್ಡ ಮೂಗು ಅಂತ ಅರ್ಥ. ನೀರು ಸದಾ ಹರಿಯುತ್ತದೆ, ತಣ್ಣಗಿದೆ, ಕುಡಿಯಬಹುದು. ಕೆಳಗಿನ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ಕಾರಂಜಿಯಂತೆ ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಸಸ್ಯಾಹಾರಿಗಳಿಗೆ ಕತ್ತರಿಸಿ ಕೊಡುವ ಪಿಜ್ಜಾ ಎಲ್ಲ ಕಡೆ ಸಿಗುತ್ತದೆ. ಕಟ್ಟುನಿಟ್ಟಿನವರು ಒಂದು ತಿಳಿದಿರಲಿ, ಅಲ್ಲಿನ ಪೆಕೊರಿನೊ ಚೀಸ್‌ಗೆ ಹಾಲು ಒಡೆಸಲು ಕುರಿಮರಿಯ ಹೊಟ್ಟೆಯಿಂದ ತೆಗೆದದ್ದನ್ನು ಬಳಸುತ್ತಾರೆ. ಕಾಚೊ ಎ ಪೆಪೆ ಪಾಸ್ತಾದಲ್ಲಿ ಇರುವುದು ಅದೇ ಚೀಸ್ ಮತ್ತು ಕರಿಮೆಣಸು. ಚಪ್ಪಲಿ ಬೇಡ, ಗಟ್ಟಿ ಅಟ್ಟೆಯ ಶೂ ಹಾಕಿ, ರಸ್ತೆಯೆಲ್ಲ ಸಣ್ಣ ಕಲ್ಲುಗಳ ಹಾಸು.

ಹೊರಡುವ ದಿನಕ್ಕೂ ಒಂದು ಚರ್ಚ್ ಉಳಿಸಿಕೊಳ್ಳಿ. ಟೆರ್ಮಿನಿ ರೈಲು ನಿಲ್ದಾಣದ ಹತ್ತಿರವೇ ಸಾಂತಾ ಮರಿಯಾ ದೆಲ್ಯಿ ಆಂಜೆಲಿ ಇದೆ, ಬ್ಯಾಗನ್ನು ನಿಲ್ದಾಣದ ಲಗೇಜ್ ಕೋಣೆಯಲ್ಲಿಟ್ಟು ನಡೆದು ಹೋಗಬಹುದು. ಇದು ಚಕ್ರವರ್ತಿ ಡಯೋಕ್ಲೀಷಿಯನ್ ಕಟ್ಟಿಸಿದ ದೊಡ್ಡ ಸ್ನಾನಗೃಹದ ನಡುಮನೆ. 1561ರಲ್ಲಿ ಇದನ್ನು ಚರ್ಚ್ ಮಾಡುವ ಕೆಲಸ ಮೈಕೆಲ್ಯಾಂಜೆಲೊಗೆ ಬಂತು, ಆತನಿಗೆ ಆಗ 86 ವರ್ಷ. ಕೆಂಪು ಗ್ರಾನೈಟ್ ಕಂಬಗಳು ರೋಮನ್ ಕಾಲದಿಂದ ನಿಂತ ಜಾಗದಲ್ಲೇ ಇವೆ. ನೆಲವನ್ನು ಏರಿಸಿದ್ದರಿಂದ ಅವುಗಳ ನಿಜವಾದ ಬುಡ ಹೂತುಹೋಗಿದೆ, ಈಗ ಕಾಣುವ ಬುಡ ಆಮೇಲೆ ಕಟ್ಟಿದ್ದು. ನೆಲದ ಮೇಲೆ ಓರೆಯಾಗಿ ಒಂದು ಲೋಹದ ಗೆರೆ ಓಡುತ್ತದೆ, ಸುಮಾರು 45 ಮೀಟರ್ ಉದ್ದ. 1702ರಲ್ಲಿ ಬಿಯಾಂಕಿನಿ ಅನ್ನುವವರು ಪಂಚಾಂಗ ಸರಿಯಿದೆಯೇ ಅಂತ ಪರೀಕ್ಷಿಸಲು ಹಾಕಿದ್ದು. ಎತ್ತರದ ಗೋಡೆಯಲ್ಲಿರುವ ತೂತಿನಿಂದ ಬಿಸಿಲು ಒಳಗೆ ಬರುತ್ತದೆ. ಸೂರ್ಯ ನೆತ್ತಿಗೆ ಬಂದಾಗ ಆ ಬೆಳಕಿನ ಚುಕ್ಕೆ ಗೆರೆಯನ್ನು ದಾಟುತ್ತದೆ, ಚಳಿಗಾಲದಲ್ಲಿ ಹನ್ನೆರಡರ ಆಸುಪಾಸು, ಬೇಸಿಗೆಯಲ್ಲಿ ಗಡಿಯಾರ ಮುಂದೆ ಇಟ್ಟಿರುವುದರಿಂದ ಒಂದು ದಾಟಿದ ಮೇಲೆ. ಬಾಗಿಲು ಮುಚ್ಚುವ ಸಮಯವನ್ನು ಹಿಂದಿನ ದಿನವೇ ನೋಡಿಕೊಳ್ಳಿ, ಹತ್ತು ನಿಮಿಷ ಮುಂಚೆ ಗೆರೆಯ ಪಕ್ಕ ಜಾಗ ಹಿಡಿಯಿರಿ. ಚುಕ್ಕೆ ಅಂಗೈ ಅಗಲಕ್ಕಿಂತ ದೊಡ್ಡದು, ಅಂಚು ಮೆಲ್ಲಗೆ ನಡುಗುತ್ತಿರುತ್ತದೆ, ಕಣ್ಣೆದುರೇ ಜರುಗುತ್ತದೆ. ಅದು ಗೆರೆ ದಾಟಿದ ಮೇಲೆ ಎದ್ದು ನಿಲ್ದಾಣಕ್ಕೆ ನಡೆಯಿರಿ, ಏರ್‌ಪೋರ್ಟ್ ರೈಲು ಅರ್ಧ ಗಂಟೆಯಲ್ಲಿ ತಲುಪಿಸುತ್ತದೆ.